ಮಾರಿದ ಎತ್ತು ಮರಳಿ ಬಂದರೆ

‘ನಾಯಿ ಸತ್ತರೆ ಸಿನಿಮಾ ಗೆಲ್ಲುತ್ತದೆ’ ಎಂದು ಬೆಂಗಳೂರಿನ ಗೆಳೆಯರೊಬ್ಬರು ಮೊನ್ನೆ ಫೋನಿನಲ್ಲಿ ನಕ್ಕರು. ಸಿನಿಮಾದ ಬಗ್ಗೆ ಬರೆಯುವವರು. ಪ್ರಾಣಿ ಇರುವ ಫ್ಯಾಮಿಲಿ ಸಿನಿಮಾ ಎಂದರೆ ಅವರ ಪ್ರಕಾರ ಅಳಿಸುವ ಯಂತ್ರ. ಮಕ್ಕಳನ್ನೂ ಮುದುಕರನ್ನೂ ಒಂದೇ ಟಿಕೀಟಿನಲ್ಲಿ ಅಳಿಸಬಹುದು, ಅಷ್ಟೇ ಅದರ ಗುಟ್ಟು. ನಾನು ಆಗ ಹೂಂ ಅಂದೆ. ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ಈ ಬರಹ ಆ ಸಿಟ್ಟಿನದು. ಆದರೆ ಬರೆಯುತ್ತ ಹೋದಂತೆ ಆ ಸಿಟ್ಟು ಅವರನ್ನು ಬಿಟ್ಟು ಸಿನಿಮಾದವರ ಕಡೆಗೂ, ಕೊನೆಗೆ ನಮ್ಮ ಕಡೆಗೂ ತಿರುಗಿದ್ದನ್ನು ಮುಚ್ಚಿಡುವುದಿಲ್ಲ.

ನಮ್ಮದು ನವಲಗುಂದ ತಾಲೂಕಿನ ಎರೆಭೂಮಿ. ಊರ ಜಾತ್ರೆಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಅದರಲ್ಲಿ ‘ಹಾಥಿ ಮೇರೆ ಸಾಥಿ’ ಹಾಕಿದ್ದರು. 1971ರ ಸಿನಿಮಾ, ನಮ್ಮ ಊರಿಗೆ ಬರುವ ಹೊತ್ತಿಗೆ ರೀಲಿನ ತುಂಬ ಗೀರು. ಟೆಂಟಿನಲ್ಲಿ ಕೂತ ಮುನ್ನೂರು ಜನರಲ್ಲಿ ಹಿಂದಿ ಬರುತ್ತಿದ್ದುದು ಶಾಲೆಯ ಮಾಸ್ತರರಿಗೆ ಮತ್ತು ಪಟ್ಟಣದಲ್ಲಿ ಲಾರಿ ಕ್ಲೀನರ್ ಆಗಿ ಬಂದಿದ್ದ ಒಬ್ಬನಿಗೆ. ರಾಮು ಆನೆ ಗುಂಡಿಗೆ ಅಡ್ಡ ನಿಂತು ಸತ್ತಾಗ ಅವರಿಬ್ಬರ ಅನುವಾದ ಯಾರಿಗೂ ಬೇಕಾಗಲಿಲ್ಲ. ನಮ್ಮ ಆಯಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆಕೆ ಜೀವಮಾನದಲ್ಲಿ ಆನೆ ನೋಡಿದ್ದು ಮಠದ ಜಾತ್ರೆಯಲ್ಲಿ ಒಂದು ಸಲ, ಅದೂ ದೂರದಿಂದ.

ಇಷ್ಟನ್ನು ಗೆಳೆಯರ ವಾದಕ್ಕೆ ಬಿಟ್ಟುಕೊಡಬಹುದು. ಪ್ರಾಣಿಗೆ ಡಬ್ಬಿಂಗ್ ಬೇಡ. ರಾಜೇಶ್ ಖನ್ನಾನ ಮಾತು ತಿಳಿಯದಿದ್ದರೂ ಆನೆಯ ಸೊಂಡಿಲು ತಿಳಿಯುತ್ತದೆ. ಮದ್ರಾಸಿನ ಸ್ಯಾಂಡೊ ಚಿನ್ನಪ್ಪ ದೇವರ್ ಇದನ್ನು ಚೆನ್ನಾಗಿ ಅರಿತಿದ್ದ ನಿರ್ಮಾಪಕ. ಅದೇ ಕತೆಯನ್ನು ಮೊದಲು ತಮಿಳಿನಲ್ಲಿ ಮಾಡಿ, ಹಿಂದಿಗೆ ಒಯ್ದು, ಮತ್ತೆ ತಮಿಳಿಗೆ ತಂದ. ನಮ್ಮವರೂ ಕಡಿಮೆಯೇನಲ್ಲ. ‘ಗಂಧದ ಗುಡಿ’ ಮಾಡಿದ ವಿಜಯ್ ಅವರೇ 1984ರಲ್ಲಿ ‘ತಾಳಿಯ ಭಾಗ್ಯ’ ಮಾಡಿದರು. ಮರುವರ್ಷ ಅದನ್ನೇ ಹಿಂದಿಯಲ್ಲಿ ‘ತೇರಿ ಮೆಹರ್ಬಾನಿಯಾಂ’ ಮಾಡಿದಾಗ ಧಣಿಯ ಸೇಡು ತೀರಿಸುವ ನಾಯಿಯನ್ನು ನೋಡಲು ದೇಶವೆಲ್ಲ ಮುಗಿಬಿತ್ತು. ನಾಯಿ ಕೊಲೆಗಾರನನ್ನು ಹಿಡಿಯುತ್ತದೆ ಎಂದರೆ ನಗು ಬರುತ್ತದೆ. ಆದರೆ ನಲವತ್ತು ವರ್ಷದ ಮೇಲೂ ಟೀವಿಯಲ್ಲಿ ಬಂದರೆ ಚಾನಲ್ ಬದಲಿಸುವ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ. ಯಾಕೆ ನಿಲ್ಲುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಮಕ್ಕಳ ಮುಗ್ಧತೆ, ನಿಸರ್ಗಪ್ರೇಮ, ಮೂಕಪ್ರಾಣಿಯ ಮೇಲಿನ ಕರುಣೆ ಎಂಬ ಉತ್ತರಗಳು ಸಿದ್ಧವಾಗಿಯೇ ಇವೆ. ಇವು ಪ್ರಾಣಿ ಸಾಕದವರು ಕೊಡುವ ಉತ್ತರಗಳು. ಟೆಂಟಿನಲ್ಲಿ ಅತ್ತ ಮುನ್ನೂರು ಜನರಲ್ಲಿ ಒಬ್ಬರೂ ಮುಗ್ಧರಿರಲಿಲ್ಲ. ಬಾರುಕೋಲು ಹಿಡಿದವರು, ಮೂಗುದಾಣ ಪೋಣಿಸಿದವರು, ಹೋರಿಯ ಬೀಜ ಒಡೆಸಿದವರು, ಗೊಡ್ಡು ಎಮ್ಮೆಯನ್ನು ಸಂತೆಗೆ ಹೊಡೆದವರು. ಅವರಿಗೆ ಪ್ರಾಣಿಯ ಬಗ್ಗೆ ಸಿನಿಮಾ ಹೊಸದಾಗಿ ಕಲಿಸುವಂಥದ್ದು ಏನೂ ಇರಲಿಲ್ಲ. ಆದರೂ ಅತ್ತರು.

ನಾನು ಕಂಡದ್ದನ್ನು ಹೇಳುತ್ತೇನೆ.

ಆ ಸಿನಿಮಾ ನೋಡಿದ ವರ್ಷವೇ ನಮ್ಮ ಮನೆಯ ಆಕಳು ಹೋರಿಗರ ಹಾಕಿತ್ತು. ನಾವು ಹುಡುಗರು ಅದಕ್ಕೆ ರಾಮು ಅಂತಲೇ ಹೆಸರಿಟ್ಟೆವು. ಅವ್ವ ‘ರಾಮ್ಯಾ’ ಮಾಡಿದಳು. ನಾಲ್ಕು ವರ್ಷಕ್ಕೆ ಅದು ಆರಹಲ್ಲಿನ ಎತ್ತಾಗಿ, ಕೂರಿಗೆಗೂ ಬಂಡಿಗೂ ಪಳಗಿತ್ತು. ಅದೇ ಬೇಸಿಗೆಯಲ್ಲಿ ಅಕ್ಕನ ಲಗ್ನದ ಸಾಲ ತೀರಿಸಲು ಅಪ್ಪ ಅದನ್ನು ಮಾರಿದ. ಸಂತೆಗೆ ಒಯ್ಯಲಿಲ್ಲ. ಬೆಣ್ಣಿಹಳ್ಳದ ಆಚೆ ಎರಡು ಹರದಾರಿ ದೂರದ ಊರಿನವರು ಮನೆಗೇ ಬಂದು ಹಲ್ಲು ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯವಹಾರ ಮುಗಿಸಿದರು. ಹಗ್ಗ ಬಿಚ್ಚಿ ಇಟ್ಟುಕೊಂಡು ಅಪ್ಪ ಎತ್ತನ್ನಷ್ಟೇ ಕೊಟ್ಟ. ನಾನು ಅತ್ತೆ. ‘ಹೊಲಾ ಮಾರೂಣೇನು ಹಂಗಾರ?’ ಎಂದು ಕೇಳಿದ ಅಪ್ಪ, ಊಟಕ್ಕೆ ಕೂತ.

ನಾಲ್ಕನೆಯ ದಿನ ಬೆಳಗಿನ ಜಾವ ಅವ್ವ ಬಾಗಿಲು ತೆಗೆದಾಗ ರಾಮ್ಯಾ ಅಂಗಳದಲ್ಲಿ ನಿಂತಿತ್ತು. ಕೊರಳಲ್ಲಿ ಹರಿದ ಹೊಸ ಹಗ್ಗ, ಮೊಣಕಾಲಿಗೆ ಗಾಯ. ಹಳ್ಳ ದಾಟಿ, ಕತ್ತಲಲ್ಲಿ ದಾರಿ ನೆನಪಿಟ್ಟುಕೊಂಡು ಬಂದಿತ್ತು. ತನ್ನ ಗ್ವಾದಲಿಗೆ ಹೋಗಿ ಬಾಯಿ ಹಾಕಿತು. ಅದು ಖಾಲಿ ಇತ್ತು. ಅವ್ವ ಕಣಿಕಿ ಹಾಕಿದಳು, ಎರಡು ಜೋಳದ ರೊಟ್ಟಿ ತಿನ್ನಿಸಿದಳು. ಓಣಿಯ ಜನ ಬಂದು ಕೈಮುಗಿದು ಹೋದರು. ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯಬೇಕು.

ಅಪ್ಪ ಒಂಬತ್ತು ಗಂಟೆಯ ಹೊತ್ತಿಗೆ ಅದರ ಮೈ ತೊಳೆದು, ಗಾಯಕ್ಕೆ ಅರಿಷಿಣ ಎಣ್ಣೆ ಹಚ್ಚಿ, ತಾನು ಇಟ್ಟುಕೊಂಡಿದ್ದ ಹಳೆಯ ಹಗ್ಗವನ್ನೇ ಹಾಕಿ, ನಡೆಸಿಕೊಂಡು ಹೋಗಿ ಅವರಿಗೆ ಒಪ್ಪಿಸಿ ಬಂದ. ರೊಕ್ಕ ಖರ್ಚಾಗಿ ಹೋಗಿತ್ತು. ಈ ಸಲ ಹಗ್ಗವನ್ನೂ ಅಲ್ಲೇ ಬಿಟ್ಟು ಬಂದ. ಅದರ ವಾಸನೆಗಾದರೂ ಅಲ್ಲಿ ನಿಂತೀತು ಎಂದು ಅವನ ಲೆಕ್ಕ ಇರಬೇಕು. ಎತ್ತು ಮತ್ತೆ ಬರಲಿಲ್ಲ.

ಪ್ರಾಣಿ ಸಿನಿಮಾಗಳು ಯಾಕೆ ಸಾಯುವುದಿಲ್ಲ ಎಂಬುದಕ್ಕೆ ನನ್ನ ಉತ್ತರ ಈ ಅಂಗಳದಲ್ಲಿದೆ. ಪ್ರಾಣಿ ಸಾಕಿದವರೆಲ್ಲ ಒಂದಲ್ಲ ಒಂದು ದಿನ ಮಾರಿದವರು. ಮಾರಿದ್ದು ಮರಳಿ ಬರಲಿ ಎಂಬ ಆಸೆ, ಬಂದರೆ ಏನು ಮಾಡುವುದು ಎಂಬ ಅಂಜಿಕೆ, ಎರಡೂ ಅವರೊಳಗೆ ಉಳಿದಿರುತ್ತವೆ. ಮನೆಯಲ್ಲಿ ಅದಕ್ಕೆ ಅಳುವಂತಿಲ್ಲ. ಅತ್ತರೆ ‘ಮತ್ಯಾಕ ಮಾರಿದಿ?’ ಎಂದು ಯಾರಾದರೂ ಕೇಳಿಯಾರು. ಟೆಂಟಿನ ಕತ್ತಲಲ್ಲಿ ಹಾಗೆ ಕೇಳುವವರಿಲ್ಲ. ಆಯಿ ಅತ್ತದ್ದು ಆನೆಗೆ ಎಂದು ನಾನು ಈಗ ನಂಬುವುದಿಲ್ಲ.

ಬೇರೆ ದೇಶದವರ ಕತೆಯೂ ಇದಕ್ಕಿಂತ ದೂರವಿಲ್ಲ. ಇಂಥ ಸಿನಿಮಾಗಳಿಗೆಲ್ಲ ಅಜ್ಜಿಯಂತಿರುವ 1943ರ ‘ಲ್ಯಾಸಿ ಕಮ್ ಹೋಮ್’ ನೋಡಿ. ಯಾರ್ಕ್‌ಶೈರಿನ ಬಡ ಮನೆ, ಅಪ್ಪನಿಗೆ ಕೆಲಸವಿಲ್ಲ, ಹೊಟ್ಟೆಗಾಗಿ ನಾಯಿಯನ್ನು ಶ್ರೀಮಂತ ಡ್ಯೂಕನಿಗೆ ಮಾರುತ್ತಾರೆ. ಅವನು ಸ್ಕಾಟ್ಲೆಂಡಿಗೆ ಒಯ್ದರೂ ಅದು ಅಷ್ಟು ದೂರ ನಡೆದು ಮನೆಗೆ ಬರುತ್ತದೆ. ಪ್ರೇಮಚಂದರ ಎರಡು ಎತ್ತುಗಳ ಕತೆಯೂ ಮನೆಗೆ ಮರಳುವ ಕತೆಯೇ. 1959ರಲ್ಲಿ ಅದು ‘ಹೀರಾ ಮೋತಿ’ ಸಿನಿಮಾ ಆಯಿತು. ಅಲ್ಲಿ ಬಡತನವಿದೆ, ವ್ಯವಹಾರವಿದೆ, ಪ್ರಾಣಿಗೊಂದು ಬೆಲೆಯಿದೆ. ಆದರೆ ಲ್ಯಾಸಿ ಮರಳಿದ ಮೇಲೆ ಏನಾಗುತ್ತದೆ? ಡ್ಯೂಕ್ ಮನಸ್ಸು ಕರಗಿ ಆ ಅಪ್ಪನಿಗೆ ತನ್ನಲ್ಲೇ ನಾಯಿಗಳನ್ನು ನೋಡಿಕೊಳ್ಳುವ ಕೆಲಸ ಕೊಡುತ್ತಾನೆ. ರೊಕ್ಕವನ್ನೂ ಹಿಂದಿರುಗಿಸಬೇಕಿಲ್ಲ, ನಾಯಿಯೂ ಉಳಿಯಿತು. ಬೆಣ್ಣಿಹಳ್ಳದ ಆಚೆ ನಮಗೊಬ್ಬ ಡ್ಯೂಕ್ ಇರಲಿಲ್ಲ. ರಾಮ್ಯಾನನ್ನು ಕೊಂಡವರು ನಮ್ಮಷ್ಟೇ ಸಾಲಗಾರರು.

ನಂತರ ಬಂದ ಸಿನಿಮಾಗಳು ಈ ಮಾರಾಟವನ್ನೇ ಕತೆಯಿಂದ ತೆಗೆದುಹಾಕಿದವು. ನನ್ನ ತಕರಾರು ಇಲ್ಲಿ ಶುರುವಾಗುತ್ತದೆ.

‘777 ಚಾರ್ಲಿ’ಯ ಬಗ್ಗೆ ಮಾತಾಡದೆ ಕನ್ನಡದಲ್ಲಿ ಈ ವಿಷಯ ಮುಗಿಯುವುದಿಲ್ಲ. 2022ರ ಜೂನ್ 10ಕ್ಕೆ ಬಂತು. ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ನಾಯಕ, ಒಂದು ಲ್ಯಾಬ್ರಡಾರ್ ನಾಯಿ. ಆಗ ಮುಖ್ಯಮಂತ್ರಿಯಾಗಿದ್ದ ಹುಬ್ಬಳ್ಳಿಯವರೇ ಆದ ಬಸವರಾಜ ಬೊಮ್ಮಾಯಿಯವರು ಸಿನಿಮಾ ನೋಡಿ, ತೀರಿಹೋದ ತಮ್ಮ ನಾಯಿಯನ್ನು ನೆನೆದು ಎಲ್ಲರೆದುರು ಕಣ್ಣೀರು ಹಾಕಿದರು. ಸರ್ಕಾರ ಆರು ತಿಂಗಳು ರಾಜ್ಯದ ಪಾಲಿನ ಜಿಎಸ್‌ಟಿ ಬಿಟ್ಟಿತು. ಮುಂದೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ನಾನೂ ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿ ನೋಡಿದೆ, ಅತ್ತೆ. ಸುಳ್ಳು ಹೇಳುವುದಿಲ್ಲ, ಕೊನೆಯ ಇಪ್ಪತ್ತು ನಿಮಿಷ ಕರವಸ್ತ್ರ ಸಾಕಾಗಲಿಲ್ಲ.

ಅವ್ವ ಅಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು: ‘ಅಲ್ಲೋ ತಮ್ಮಾ, ನಾಯಿ ಕರಕೊಂಡು ಅಷ್ಟ್ ದೂರ ಹ್ವಾದನಲ್ಲ, ಅಂವಗ ಹಿಂದ ಮುಂದ ಯಾರೂ ಇಲ್ಲೇನು?’

ಇಲ್ಲ, ಅವನು ಒಂಟಿ, ತಂದೆ ತಾಯಿ ಇಲ್ಲ ಅಂದೆ.

‘ಅದಕ್ಕ ಮತ್ತ’ ಅಂದಳು. ಅಷ್ಟಕ್ಕೇ ಬಿಟ್ಟು ಕಿಟಕಿಯ ಕಡೆ ಹೊರಳಿದಳು.

ಈ ಎರಡು ಶಬ್ದದ ವಿಮರ್ಶೆಯನ್ನು ನಾನು ಮೀರಲಾರೆ. ಇವುಗಳನ್ನು ಫ್ಯಾಮಿಲಿ ಸಿನಿಮಾ ಎನ್ನುತ್ತೇವೆ. ಫ್ಯಾಮಿಲಿ ಇರುವುದು ಕುರ್ಚಿಯ ಮೇಲೆ. ಪರದೆಯ ಮೇಲೆ ಫ್ಯಾಮಿಲಿಯೇ ಇಲ್ಲ. ಚಾರ್ಲಿಯ ಧರ್ಮ ಅನಾಥ. ‘ಹಾಥಿ ಮೇರೆ ಸಾಥಿ’ಯ ರಾಜು ಆನೆಗಳ ಜತೆ ಬೆಳೆದ ತಬ್ಬಲಿ, ಅವನಿಗೆ ಹೆಂಡತಿ ಬಂದ ಮೇಲೆಯೇ ಜಗಳ ಶುರು. 1993ರ ‘ಫ್ರೀ ವಿಲ್ಲಿ’ಯ ಹುಡುಗ ತಾಯಿ ಬಿಟ್ಟು ಹೋದವನು. ಪ್ರಾಣಿಯನ್ನು ಪೂರ್ತಿ ಪ್ರೀತಿಸಬೇಕಾದರೆ ಮೊದಲು ಮನೆಯ ಮಂದಿಯನ್ನು ಕತೆಯಿಂದ ಹೊರಗೆ ಹಾಕಬೇಕು. ಯಾಕೆಂದರೆ ಮನೆಯ ಮಂದಿ ಇದ್ದರೆ ಲಗ್ನ ಇರುತ್ತದೆ, ಕಾಲೇಜು ಫೀ ಇರುತ್ತದೆ, ದವಾಖಾನೆ ಇರುತ್ತದೆ. ಆಗ ದನದ ಮೇಲೆ ಕಣ್ಣು ಬೀಳುತ್ತದೆ. ನಮ್ಮಲ್ಲಿ ಎತ್ತು ಮತ್ತು ಅಕ್ಕ ಒಂದೇ ಮನೆಯಲ್ಲಿದ್ದರು. ಒಬ್ಬರ ಲಗ್ನಕ್ಕೆ ಇನ್ನೊಬ್ಬರು ಹೋಗಬೇಕಾಯಿತು. ಆ ಸಿನಿಮಾ ಯಾರು ಮಾಡಿದ್ದಾರೆ?

ಹತ್ತಿರ ಬಂದವರಿದ್ದಾರೆ, ನಿಜ. ಭೈರಪ್ಪನವರ ಕಾದಂಬರಿಯಿಂದ ಬಿ.ವಿ. ಕಾರಂತರು ಮತ್ತು ನಮ್ಮ ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು 1977ರಲ್ಲಿ ‘ತಬ್ಬಲಿಯು ನೀನಾದೆ ಮಗನೆ’ ಮಾಡಿದರು. ಅಮೆರಿಕದಲ್ಲಿ ಓದಿ ಬಂದ ಮಗ, ಅವನ ವಿದೇಶಿ ಹೆಂಡತಿ, ಯಂತ್ರದ ಬೇಸಾಯ, ದನ. ಅದರಲ್ಲಿ ವ್ಯವಹಾರ ಇದೆ, ಕಟುಕನ ಮನೆ ಇದೆ, ನೋಯುವಂಥದ್ದಿದೆ. ಆದರೆ ಅಲ್ಲಿಯೂ ದನವೆಂದರೆ ಸಂಸ್ಕೃತಿಯ ಪ್ರಶ್ನೆ, ಪೂರ್ವ ಪಶ್ಚಿಮದ ಪ್ರಶ್ನೆ. ನಮ್ಮ ಕಡೆ ಎತ್ತು ಮಾರಲು ಯಾರೂ ಅಮೆರಿಕಕ್ಕೆ ಹೋಗಿ ಬರಬೇಕಿಲ್ಲ. ಎರಡು ವರ್ಷ ಮಳೆ ಕೈಕೊಟ್ಟರೆ ಸಾಕು. ಬಣವಿ ಕರಗುತ್ತದೆ, ಹುಬ್ಬಳ್ಳಿಯ ದನದ ಪೇಟೆ ತುಂಬುತ್ತದೆ.

ಎಮ್ಮೆಯ ಮಾತು ಕೇಳಲೇಬೇಡಿ. ಧಾರವಾಡ ಪೇಢೆಯನ್ನು ಜಗತ್ತಿಗೆಲ್ಲ ಕಳಿಸಿದ್ದು ಎಮ್ಮೆಯ ಹಾಲು. ಧಾರವಾಡಿ ಎಮ್ಮೆಯನ್ನು ದೇಶದ ತಳಿಗಳ ಪಟ್ಟಿಗೆ ಸೇರಿಸಲು 2021ರವರೆಗೆ ಕಾಯಬೇಕಾಯಿತು. ಸಿನಿಮಾದ ಪಟ್ಟಿಗೆ ಅದು ಇನ್ನೂ ಸೇರಿಲ್ಲ. ಎಮ್ಮೆ ನಾಯಕಿಯಾದ ಒಂದು ಫ್ಯಾಮಿಲಿ ಸಿನಿಮಾ ನನಗೆ ನೆನಪಾಗುವುದಿಲ್ಲ. ಮಲಯಾಳದವರು 2019ರಲ್ಲಿ ‘ಜಲ್ಲಿಕಟ್ಟು’ವಿನಲ್ಲಿ ಕಟುಕನ ಕೈತಪ್ಪಿ ಓಡಿದ ಎಮ್ಮೆಯ ಹಿಂದೆ ಊರನ್ನೇ ಓಡಿಸಿದರು. ಅದು ಅದ್ಭುತ ಸಿನಿಮಾ. ಆದರೆ ಮಕ್ಕಳನ್ನು ಪಕ್ಕಕ್ಕೆ ಕೂಡಿಸಿಕೊಂಡು ನೋಡುವಂಥದ್ದಲ್ಲ. ಕಪ್ಪು ಮೈ, ಕೆಸರು, ಸೆಗಣಿ, ನೆಟ್ಟ ನೋಟ. ಕ್ಯಾಮೆರಾಗೆ ನಾಯಿಯ ಹಾಗೆ ತಲೆ ವಾರೆ ಮಾಡಿ ನೋಡಲು ಎಮ್ಮೆಗೆ ಬರುವುದಿಲ್ಲ. ಮುಖ ನೋಡಿ ಕರುಣೆ ಹಂಚುವುದನ್ನು ಮನುಷ್ಯರ ವಿಷಯದಲ್ಲಿ ನಾವು ಬಯ್ಯುತ್ತೇವೆ.

ಸಿನಿಮಾ ಹಾಗೇ ಇರಲಿ ಬಿಡಿ, ಅದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟ ಇದೆ. ಸಿನಿಮಾದ ಕಣ್ಣೀರು ಥಿಯೇಟರಿನಲ್ಲಿ ಉಳಿಯುವುದಿಲ್ಲ, ವಿಧಾನಸೌಧದವರೆಗೂ ಹೋಗುತ್ತದೆ. ಚಾರ್ಲಿ ಬಂದ ಅದೇ 2022ರ ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರ ಕರ್ನಾಟಕದ ಹಟ್ಟಿಗಳಿಗೆ ಚರ್ಮಗಂಟು ರೋಗ ಬಂತು. ಮೈತುಂಬ ಗಂಟು, ಜ್ವರ, ಮೇವು ಬಿಟ್ಟ ದನ, ಕಾಲು ಬಾತು ಏಳಲಾರದ ಎತ್ತು. ದನದ ಸಂತೆ ಜಾತ್ರೆಗಳು ಬಂದಾದವು. ನಮ್ಮ ಓಣಿಯಲ್ಲೇ ಹಿಂಗಾರಿ ಬಿತ್ತನೆಯ ಹೊತ್ತಿಗೆ ಜೋಡಿಯ ಒಂದು ಎತ್ತು ಸತ್ತು, ಉಳಿದ ಒಂದರ ಪಕ್ಕ ಯಾರೂ ಸಿಗದೆ ಕೂರಿಗೆ ನಿಂತ ಮನೆ ಇತ್ತು. ಸರ್ಕಾರ ಪರಿಹಾರ ಕೊಟ್ಟಿತು, ಲಸಿಕೆಯನ್ನೂ ಹಾಕಿಸಿತು, ಇಲ್ಲವೆನ್ನುವುದಿಲ್ಲ. ಆದರೆ ಜೂನಿನಲ್ಲಿ ಒಂದು ನಾಯಿಗಾಗಿ ಅತ್ತ ನಾಡು ಅಕ್ಟೋಬರಿನಲ್ಲಿ ಎತ್ತಿಗಾಗಿ ಅತ್ತದ್ದು ನನಗೆ ಕಾಣಲಿಲ್ಲ. ನಾನೂ ಅಳಲಿಲ್ಲ. ಚಾರ್ಲಿಗೆ ಅತ್ತವನು ಆ ದಿನ ಓಣಿಯಲ್ಲಿ ನಿಂತು ಜೆಸಿಬಿ ಯಾವಾಗ ಬರುತ್ತದೆ ಎಂದು ಫೋನ್ ಮಾಡುತ್ತಿದ್ದೆ.

ಇನ್ನೊಂದು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಆಕಳು, ಕರು, ಹೋರಿ, ಎತ್ತು ಯಾವುದನ್ನೂ ಯಾವ ವಯಸ್ಸಿನಲ್ಲೂ ಕಡಿಯುವಂತಿಲ್ಲ ಎಂದಿತು. ಹದಿಮೂರು ವರ್ಷ ದಾಟಿದ ಎಮ್ಮೆಗೆ ಮಾತ್ರ ವಿನಾಯಿತಿ. (ಇಲ್ಲಿಯೂ ಎಮ್ಮೆಯ ಹಣೆಬರಹ ನೋಡಿ.) ಕಡಿಯಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಮುದಿ ಎತ್ತನ್ನು ಕಟುಕರಿಗೆ ಕೊಟ್ಟದ್ದಿಲ್ಲ, ಹಾಗಂತ ಪ್ರತಿ ಸಲ ಕೊಂಡವನು ಯಾರೆಂದು ಕೆದಕಿ ಕೇಳಿದ್ದೂ ಇಲ್ಲ. ಬಹುತೇಕ ಮನೆಗಳ ಮರ್ಯಾದೆ ಇಷ್ಟರ ಮೇಲೆಯೇ ನಿಂತಿತ್ತು. ಕಾಯ್ದೆ ಬಂದ ಮೇಲೆ ಮುದಿ ಎತ್ತು ಎಲ್ಲಿ ನಿಲ್ಲಬೇಕು, ಅದರ ಮೇವು ಯಾರದು ಎಂಬ ಪ್ರಶ್ನೆಗೆ ಬಂದ ಉತ್ತರ ಗೋಶಾಲೆ, ಮತ್ತೆ 2022ರಲ್ಲಿ ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋವನ್ನು ದತ್ತು ಪಡೆಯುವ ‘ಪುಣ್ಯಕೋಟಿ’ ಯೋಜನೆ. ಹೆಸರು ಗೋವಿನ ಹಾಡಿನದು, ರಾಯಭಾರಿ ಸಿನಿಮಾ ನಟ ಸುದೀಪ್. ಹಾಡಿನ ಪುಣ್ಯಕೋಟಿ ಕೊಟ್ಟ ಮಾತಿಗೆ ಹುಲಿಯ ಮುಂದೆ ಮರಳಿ ಬರುತ್ತದೆ, ಹುಲಿಯೇ ಪ್ರಾಣ ಬಿಡುತ್ತದೆ. ನಮ್ಮ ಲೆಕ್ಕದಲ್ಲಿ ಹುಲಿ ಅಂದರೆ ಸಾಲ, ಅದು ಎಂದೂ ಬೆಟ್ಟದಿಂದ ಹಾರಿ ಸತ್ತ ಉದಾಹರಣೆ ಇಲ್ಲ. ಫೋಟೊದಲ್ಲಿರುವ ಗೋವನ್ನು ದತ್ತು ಪಡೆಯಬಹುದು. ಕಲಘಟಗಿಯ ಯಾವುದೋ ಹಳ್ಳಿಯ ಹಟ್ಟಿಯಲ್ಲಿ ಹಲ್ಲು ಸವೆದು ನಿಂತ ಎತ್ತಿಗೆ ದಿನಾ ಬೆಳಗ್ಗೆ ಮೇವು ಹಾಕುವ ಹೆಣ್ಣುಮಗಳನ್ನು ಯಾರೂ ದತ್ತು ಪಡೆಯುವುದಿಲ್ಲ. ಆಕೆ ಸಿನಿಮಾದಲ್ಲಿ ಬರುವುದೇ ಇಲ್ಲವಲ್ಲ.

ಕಣ್ಣೀರು ವ್ಯರ್ಥ ಎಂದು ನಾನು ಹೇಳಿದೆನೆಂದು ತಿಳಿಯಬೇಡಿ. ‘ಫ್ರೀ ವಿಲ್ಲಿ’ ನೋಡಿ ಅತ್ತ ಮಕ್ಕಳಿಗೆ ಅದರಲ್ಲಿ ನಟಿಸಿದ ಕೈಕೋ ಎಂಬ ಓರ್ಕಾ ತಿಮಿಂಗಿಲ ಮೆಕ್ಸಿಕೋದ ಸಣ್ಣ ಕೊಳದಲ್ಲಿ ಕಾಯಿಲೆ ಬಿದ್ದಿದೆ ಎಂದು ತಿಳಿದಾಗ ಕಾಗದ ಬರೆದರು, ಕಾಸು ಕೂಡಿಸಿದರು. ದೊಡ್ಡವರು ನಾಚಿ ಅದನ್ನು ಮೊದಲು ಅಮೆರಿಕಕ್ಕೆ, 1998ರಲ್ಲಿ ಐಸ್‌ಲ್ಯಾಂಡಿನ ಕಡಲಿಗೆ ಒಯ್ದರು. 2002ರಲ್ಲಿ ಅದು ಕೊನೆಗೂ ಬಿಡುಗಡೆಯಾಗಿ ಸಾಗರ ದಾಟಿ ನಾರ್ವೆಗೆ ಹೋಯಿತು. ಹೋಗಿ ಏನು ಮಾಡಿತು? ದಂಡೆಯ ಮನುಷ್ಯರನ್ನು ಹುಡುಕಿಕೊಂಡು ಬಂತು, ಮಕ್ಕಳ ಜತೆ ಆಡಿತು. ಮರುವರ್ಷ ಡಿಸೆಂಬರಿನಲ್ಲಿ ಸತ್ತಿತು. ಸಿನಿಮಾ ಮುಗಿಯುವುದು ತಿಮಿಂಗಿಲ ಹುಡುಗನ ತಲೆಯ ಮೇಲಿಂದ ಕಡಲಿಗೆ ಹಾರುವಲ್ಲಿಗೆ. ನಿಜವಾದ ಕೈಕೋ ಸಾಕಿದವರ ಕಡೆಗೇ ತಿರುಗಿ ಬಂದಿತ್ತು. ರಾಮ್ಯಾನ ನೆನಪಾಗದೆ ಇದನ್ನು ಓದಲು ನನಗೆ ಆಗಿಲ್ಲ. ಆ ಮಕ್ಕಳ ಅಳುವಿಗೆ ವರ್ಷಗಳ ಖರ್ಚು, ದುಡಿಮೆ, ಸೋಲು ಎಲ್ಲ ಇತ್ತು. ಅಂಥ ಅಳುವನ್ನು ನಾನು ಗೌರವಿಸುತ್ತೇನೆ. ತೆರಿಗೆ ಬಿಟ್ಟು ಅಗ್ಗ ಮಾಡಿದ ಅಳು ಬೇರೆ.

ಗೆಳೆಯರಿಗೆ ಹೇಳಬೇಕಾದದ್ದು ಇಷ್ಟು. ಪ್ರಾಣಿ ಸಿನಿಮಾ ಅಳಿಸುವ ಯಂತ್ರವಾದರೆ ಅದಕ್ಕೆ ಕಚ್ಚಾ ಮಾಲು ನಾವು ತುಂಬಿಕೊಂಡು ಹೋಗುತ್ತೇವೆ. ಅದನ್ನು ನೋಡಿ ನಗಬೇಡಿ. ಸಿನಿಮಾದವರಿಗೆ ಹೇಳುವುದು ಬೇರೆ: ಆ ಮಾಲಿನ ನಿಜವಾದ ಹೆಸರನ್ನು ಒಂದು ಸಲವಾದರೂ ಪರದೆಯ ಮೇಲೆ ಹಾಕಿ. ನಮ್ಮ ಮಕ್ಕಳಿಗೆ ಇದು ತಡೆಯಲಾಗದ ಕತೆ ಎಂದು ಅಂಜಬೇಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡಿ ಪೂಜೆ ಮಾಡುವ ಮಕ್ಕಳು ಅದು ಮುಗಿದ ಮೇಲೆ ಗೆಜ್ಜೆ ಕಟ್ಟಿಕೊಂಡು ಮನೆಮನೆಗೆ ಹೋಗಿ, ನಮ್ಮ ಎತ್ತುಗಳಲ್ಲಿ ಒಂದು ಕುಂಟಿದೆ ಎಂದು ಹಾಡಿ ಜೋಳ ಬೇಡುತ್ತಿದ್ದರು. ಆಟದಲ್ಲಿಯೇ ಕುಂಟೆತ್ತು ಇತ್ತು, ಅದಕ್ಕೆ ಮೇವು ಬೇಕೆಂಬ ತಿಳಿವಳಿಕೆ ಇತ್ತು, ಅದು ಊರ ಮೇಲಿನ ಭಾರ ಎಂಬುದೂ ಇತ್ತು. ಐದು ವರ್ಷದ ಮಕ್ಕಳು ಹಾಡಿಕೊಂಡು ಹೊರುತ್ತಿದ್ದ ಮಾತನ್ನು ಥಿಯೇಟರಿನ ಮಕ್ಕಳು ಹೊರಲಾರರೇ?

ನನಗೆ ಬೇಕಾದ ಸಿನಿಮಾದ ಒಂದೇ ದೃಶ್ಯ ಗೊತ್ತು. ಮರಳಿ ಬಂದ ಎತ್ತನ್ನು ಅಪ್ಪ ಮತ್ತೆ ನಡೆಸಿಕೊಂಡು ಹೋಗುವ ಎರಡು ಹರದಾರಿ ದಾರಿ. ಅವನು ಆ ದಿನ ಅದರ ಜತೆ ಏನು ಮಾತಾಡಿದ ಎಂದು ನಾನು ಕೇಳಿಲ್ಲ. ಅವನೂ ಹೇಳಿಲ್ಲ. ಹೋಗುವಾಗ ಬಾರುಕೋಲು ಒಯ್ದಿರಲಿಲ್ಲ ಎಂಬುದಷ್ಟೇ ಅವ್ವನಿಗೆ ನೆನಪಿದೆ.

ಯಾರಾದರೂ ಮಾಡುವುದಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಹೊಲದ ತುಂಬ ಟ್ರ್ಯಾಕ್ಟರ್ ಬಂದಿದ್ದರೂ ಎತ್ತಿನ ಜೋಡಿ ನಮ್ಮ ಕಡೆ ಇನ್ನೂ ಸಿಗುತ್ತವೆ. ಹೆಸರು, ಹತ್ತಿಯ ಸಾಲಿನಲ್ಲಿ ಎಡೆ ಹೊಡೆಯಲು, ಹಸಿ ಎರೆಯಲ್ಲಿ ಟ್ರ್ಯಾಕ್ಟರ್ ಹೂತುಕೊಳ್ಳುವಾಗ ಬಿತ್ತಲು ಅವೇ ಬೇಕು. ಆದ್ದರಿಂದ ಮುಂಗಾರಿ ಎಡೆ ಮುಗಿದ ಮೇಲೆ ಬನ್ನಿ. ಅದಕ್ಕೂ ಮೊದಲು ಎಷ್ಟು ಬಾಡಿಗೆ ಕೊಡುತ್ತೇನೆಂದರೂ ಯಾರೂ ಎತ್ತು ಕೊಡುವುದಿಲ್ಲ.